ಅಲೆ ಏಳುವ ಮುಂಚೆ

ಉರ್ದುವಿನಲ್ಲಿ ‘ಮೌಜ್’ ಎಂದರೆ ಅಲೆಯೂ ಹೌದು, ಉಲ್ಲಾಸವೂ ಹೌದು. ಟೋಕಮಾಕ್ ಎಂಬ ಸಮ್ಮಿಲನ ಯಂತ್ರದ ಅಲೆಗಳ ಬಗ್ಗೆ ಓದುವಾಗ ಮಾತ್ರ ಎರಡನೆಯ ಅರ್ಥ ನನಗೆ ಹೊಂದಲಿಲ್ಲ. ಅಲ್ಲಿ ಡ್ಯುಟೀರಿಯಂ, ಟ್ರಿಟಿಯಂ ಬೆಸೆದಾಗ 35 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಲ್ಫಾ ಕಣ ಹುಟ್ಟುತ್ತದೆ. ಒಲೆ ಆರದಂತೆ ಕಾಯಬೇಕಾದದ್ದು ಅದೇ. ಆದರೆ ಇಂಥ ವೇಗದ ಕಣಗಳು, ಜೋಕಾಲಿಯನ್ನು ಲಯಕ್ಕೆ ಸರಿಯಾಗಿ ತಳ್ಳುವ ಕೈಗಳಂತೆ, 1942ರಲ್ಲಿ ಸ್ವೀಡನ್ನಿನ ಆಲ್ಫ್‌ವೆನ್ ಊಹಿಸಿದ್ದ ಅಲೆಗಳನ್ನು ಎಬ್ಬಿಸಬಲ್ಲವು. ಬಲಿತ ಅಲೆ ಆ ಕಣಗಳನ್ನೇ ಗೋಡೆಗೆಸೆಯುತ್ತದೆ. ಒಲೆ ತಣ್ಣಗಾಗುತ್ತದೆ, ಗೋಡೆ ಸುಡುತ್ತದೆ.

ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್‌ನಲ್ಲಿ ಗೋಡೆ ಸುಟ್ಟ ಮೇಲೆ ಕಲಿಯುವಂತಿಲ್ಲ. ಅದಕ್ಕೇ ವಿಜ್ಞಾನಿಗಳು ಸೂಪರ್‌ಕಂಪ್ಯೂಟರಿನೊಳಗೆ ಲಕ್ಷಾಂತರ ಕಲ್ಪಿತ ಕಣಗಳನ್ನು ಓಡಿಸಿ, ಯಾವ ಅಲೆ ಎದ್ದೀತೆಂದು ನೋಡುತ್ತಾರೆ. ಕಥೆಗಾರರಾದ ನಾವೂ ಪಾತ್ರಗಳನ್ನು ಹೀಗೆಯೇ ಓಡಿಸುತ್ತೇವೆ. ನಮ್ಮ ಕಥೆಯನ್ನು ಯಾರೂ ಅಳೆದು ನೋಡುವುದಿಲ್ಲ. ಅವರ ಕಥೆಯನ್ನು ಮಾತ್ರ ನಿಜವಾದ ಯಂತ್ರಗಳ ಅಳತೆಗೆ ಒರೆಹಚ್ಚಿದ ಮೇಲೆಯೇ ನಂಬುತ್ತಾರೆ.