ಎತ್ತರದ ಲೋಟ

ವೈಶಾಖದ ಮಧ್ಯಾಹ್ನ. ಯರಗಟ್ಟಿಯ ಎರೆಹೊಲಗಳು ಬಿಸಿಲಿಗೆ ಬಾಯಿಬಿಟ್ಟಿದ್ದವು. ಊರೊಳಗಿನ ಒಂದು ಮನೆಯಲ್ಲಿ ಆಯಿ ಮೊಮ್ಮಕ್ಕಳಿಬ್ಬರಿಗೂ ಒಂದೇ ಅಳತೆಯ ಎರಡು ಲೋಟಗಳಲ್ಲಿ ಮಜ್ಜಿಗೆ ತುಂಬಿದಳು. ಐದು ವರ್ಷದ ಕಿರಿಯವನು ಬಗ್ಗಿ ನೋಡಿ, “ಸಮ ಐತಿ” ಎಂದು ತೀರ್ಪಿತ್ತನು. ಅಷ್ಟರಲ್ಲಿ ಅಣ್ಣನು ತನ್ನ ಪಾಲನ್ನು ಕಿರಿದಾದ, ಎತ್ತರದ ಗಾಜಿನ ಲೋಟಕ್ಕೆ ಸುರಿದುಕೊಂಡನು. ಮಜ್ಜಿಗೆ ಮೇಲೇರಿತು, ಅದರೊಡನೆ ಕಿರಿಯವನ ಅಳುವೂ ಏರಿತು.

“ಆಯಿ, ಅಣ್ಣಗ ಭಾಳ ಕೊಟ್ಟಿ!”

ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟು ತಂದೆ ಎದ್ದು ಬಂದನು. ಕಣ್ಣೆದುರಿಗೇ ಸುರಿದುದನ್ನು ಕಂಡೂ ಹೀಗೆನ್ನುವುದು ಹಟವಲ್ಲದೆ ಮತ್ತೇನು? ಗದರಿಸಿ ಕೇಳಿದನು. ಉತ್ತರ ಬದಲಾಗಲಿಲ್ಲ. ಬೆನ್ನಿಗೊಂದು ಪೆಟ್ಟು ಬಿದ್ದಿತು.

ಹುಡುಗನು ಸುಳ್ಳಾಡಿರಲಿಲ್ಲ. ಆ ವಯಸ್ಸಿನ ಗಮನವನ್ನು ಎತ್ತರವೊಂದೇ ಸೆಳೆದುಬಿಡುತ್ತದೆ. ಎತ್ತರ ಹೆಚ್ಚಿದಾಗ ಅಗಲ ಕಡಿಮೆಯಾಯಿತೆಂದು ಎರಡನ್ನೂ ಒಟ್ಟಿಗೆ ತೂಗುವ, ಸುರಿದುದನ್ನು ಮನಸ್ಸಿನಲ್ಲೇ ಹಿಂದಕ್ಕೆ ಸುರಿದು ನೋಡುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಇಂಥ ಲೋಟಗಳ ಪರೀಕ್ಷೆಗಳಿಗೂ ಪ್ರಸಿದ್ಧನು. ತಾರುಣ್ಯದಲ್ಲಿ ಪ್ಯಾರಿಸಿನ ಮಕ್ಕಳಿಗೆ ಬುದ್ಧಿಪರೀಕ್ಷೆಯ ಪ್ರಶ್ನೆಗಳನ್ನು ಕೇಳುತ್ತಿದ್ದಾಗ ಅವನ ಕುತೂಹಲ ಕೆರಳಿದುದು ಸರಿಯುತ್ತರಗಳಿಂದಲ್ಲ, ತಪ್ಪುತ್ತರಗಳಿಂದ. ಸರಿಸುಮಾರು ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಾಗಿ ತಪ್ಪುತ್ತಿದ್ದರು. ಆ ತಪ್ಪಿಗೂ ಅದರದೇ ತರ್ಕವಿದೆಯೆಂದು ಅವನು ಕಂಡುಕೊಂಡನು. ಲೋಟದ ಈ ತೊಡಕು ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ ಬಿಡುತ್ತದೆ.

ಕೇಳುವ ಬಗೆಯೂ ಮುಖ್ಯವೇ. 1974ರಲ್ಲಿ ಬ್ರಿಟನ್ನಿನ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬವರು ಇದೇ ಜಾತಿಯ ಪರೀಕ್ಷೆಯನ್ನು ಆಟದಂತೆ ಮಾಡಿದಾಗ, ಇನ್ನೂ ಚಿಕ್ಕ ಮಕ್ಕಳಲ್ಲಿ ಅನೇಕರು ಸರಿಯಾಗಿ ಉತ್ತರಿಸಿದರು. ಹಿರಿಯರು ಗಂಭೀರವಾಗಿ ಮತ್ತೆ ಕೇಳಿದರೆ ಮಗು ಗೊಂದಲಗೊಳ್ಳುವುದು ಸಹಜ. ಗದರಿಸಿ ಕೇಳಿದರಂತೂ ಹೇಳಬೇಕಾದುದೇ ಇಲ್ಲ.

ಆಯಿ ಇದಾವುದನ್ನೂ ಓದಿದವಳಲ್ಲ. ಎತ್ತರದ ಲೋಟದ ಮಜ್ಜಿಗೆಯನ್ನು ಮಾತಿಲ್ಲದೆ ಮೊದಲಿನ ಲೋಟಕ್ಕೇ ಸುರಿದು ಕಿರಿಯವನ ಮುಂದಿಟ್ಟಳು. ಅವನು ಬಿಕ್ಕುತ್ತಲೇ ನಕ್ಕನು: “ಈಗ ಸಮ ಆತು!”

ಮೂರು ವರ್ಷಗಳಾದ ಮೇಲೆ ನೆರೆಮನೆಯ ಪುಟ್ಟಿಯೊಬ್ಬಳು ಅದೇ ಲೋಟವನ್ನು ಕಂಡು ಅತ್ತಳು. ಕಿರಿಯವನು ದೊಡ್ಡವನಂತೆ ಹೇಳಿದನು: “ಯಾರೂ ಹಾಕಿಲ್ಲ, ಯಾರೂ ತಗದಿಲ್ಲ. ಹೆಂಗ ಹೆಚ್ಚ ಆಗತೈತಿ?”

ತಂದೆ ಮೆಲ್ಲನೆ ಕೇಳಿದನು: “ನೀನೂ ಹಿಂಗ ಅತ್ತಿದ್ದಿ, ನೆನಪೈತೇನು?”

“ನಾನ್ಯಾಕ ಅಳಲಿ, ಅಪ್ಪಾ!” ಎಂದು ಹುಡುಗನು ಆಡಲು ಓಡಿದನು. ಪೆಟ್ಟಿನ ನೆನಪು ಉಳಿದುದು ಹೊಡೆದ ಕೈಗೆ ಮಾತ್ರ.