ಅರಿಸಿನವೂ ಗುಳಿಗೆಯೂ

‘ಅತಿಸಾರ’ ಎಂಬ ಶಬ್ದವು ಹರಿಯುವುದೆಂಬ ಅರ್ಥದ ‘ಸೃ’ ಧಾತುವಿನಿಂದ ಹುಟ್ಟಿದುದು. ಅದರೊಡನೆ ರಕ್ತವೂ ಬಿದ್ದರೆ ರಕ್ತಾತಿಸಾರವೆನಿಸುವುದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅತಿಸಾರಕ್ಕೆಂದೇ ಒಂದು ಅಧ್ಯಾಯವುಂಟು. ಕೊಡಸಿಗದ ತೊಗಟೆಯನ್ನು ಇದಕ್ಕೆ ಮದ್ದಾಗಿ ನಮ್ಮ ಪೂರ್ವಿಕರು ಬಹುಕಾಲದಿಂದ ಬಲ್ಲರು. ಆದುದರಿಂದ ಗಿಡಮೂಲಿಕೆಯು ಕರುಳಿನ ಉಪದ್ರವವನ್ನು ಶಮನಮಾಡೀತೆಂಬುದು ನಮಗೆ ಹೊಸ ಮಾತಲ್ಲ.

ನನ್ನ ದೌಹಿತ್ರನಿಗೆ ದೊಡ್ಡ ಕರುಳಿನ ಒಳಪೊರೆಯಲ್ಲಿ ಉರಿಯೂತವೂ ಹುಣ್ಣೂ ಉಂಟಾಗುವ ರೋಗವಿದೆ. ವೈದ್ಯರು ಇದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುವರು. ಗುಳಿಗೆಗಳಿಂದ ರಕ್ತ ಬೀಳುವುದು ನಿಂತು ವರ್ಷವಾಗುತ್ತ ಬಂದಿರಲು, ಯಲಹಂಕದ ನಮ್ಮ ಮನೆಗೆ ಬಂದ ಬಂಧುವೊಬ್ಬರು, “ಭಾವನವರೇ, ಇನ್ನು ಈ ಗುಳಿಗೆ ಏತಕ್ಕೆ? ಹಾಲಿಗೆ ಅರಿಸಿನ ಹಾಕಿ ಕೊಡಿಸಿರಿ, ಸಾಕು” ಎಂದರು. ಮಗಳು ಏನೂ ಹೇಳದೆ ನನ್ನ ಮುಖವನ್ನು ನೋಡಿದಳು.

ಅವರ ಮಾತು ಪೂರ್ತಿ ಸುಳ್ಳಲ್ಲ. ಅರಿಸಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯವು ಉರಿಯೂತವನ್ನು ಕೆರಳಿಸುವ ಜೀವಕೋಶಗಳ ಸಂಕೇತಗಳನ್ನು ತಗ್ಗಿಸುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಜಪಾನಿನ ವೈದ್ಯರು ಈ ರೋಗವು ಶಾಂತವಾಗಿದ್ದ 89 ಮಂದಿಯಲ್ಲಿ ಇದನ್ನು ಆರು ತಿಂಗಳು ಪರೀಕ್ಷಿಸಿ 2006ರಲ್ಲಿ ಫಲವನ್ನು ಪ್ರಕಟಿಸಿದರು. ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಸೇವಿಸಿದವರಲ್ಲಿ ನೂರಕ್ಕೆ ಸುಮಾರು 5 ಮಂದಿಗೆ, ಸೇವಿಸದವರಲ್ಲಿ ನೂರಕ್ಕೆ ಸುಮಾರು 20 ಮಂದಿಗೆ ರೋಗವು ಮರುಕಳಿಸಿತು. ಆದರೆ ಈ ಎರಡು ಪಂಗಡದವರೂ ತಮ್ಮ ನಿತ್ಯದ ಗುಳಿಗೆಗಳನ್ನು ಬಿಟ್ಟಿರಲಿಲ್ಲ. ವಿಷಯದ ಮರ್ಮವೆಲ್ಲ ಇಲ್ಲಿಯೇ ಇದೆ.

ಇನ್ನು ಲೆಕ್ಕವನ್ನು ನೋಡೋಣ. 100 ಗ್ರಾಂ ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಗ್ರಾಂ. ಅಂದಮೇಲೆ 2 ಗ್ರಾಂ ದೊರೆಯಬೇಕಾದರೆ ದಿನವೊಂದಕ್ಕೆ 60 ಗ್ರಾಮಿಗೂ ಮೇಲ್ಪಟ್ಟು ಅರಿಸಿನ ಬೇಕು. ಹಾಲಿಗೆ ಹಾಕುವ ಚಿಟಿಕೆಯೆಲ್ಲಿ, ಇದೆಲ್ಲಿ! ಮೆಣಸಿನ ಸತ್ವವಾದ ಪೈಪರೀನ್ ಸೇರಿದರೆ ಕರ್ಕ್ಯುಮಿನ್ ರಕ್ತಕ್ಕೆ ಹಲವು ಮಡಿ ಹೆಚ್ಚಾಗಿ ಸೇರುವುದೆಂದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಆದರೆ ಹೀಗೆ ಬಲಪಡಿಸಿದ ಅರಿಸಿನದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ನಿದರ್ಶನಗಳೂ ಉಂಟು. ವೈದ್ಯರನ್ನು ಕೇಳದೆ ಅವನ್ನು ಕೊಂಡು ನುಂಗುವುದು ಉಚಿತವಲ್ಲ.

“ಅಮ್ಮಾ, ‘ಜೊತೆಗೆ’ ಎಂಬುದು ಬೇರೆ, ‘ಬದಲಿಗೆ’ ಎಂಬುದು ಬೇರೆ. ಪರೀಕ್ಷಕರು ಹೇಳಿದುದು ಮೊದಲನೆಯದನ್ನು” ಎಂದು ಮಗಳಿಗೆ ಹೇಳಿದೆನು. ಅವಳು ಸಾರಿಗೆ ಅರಿಸಿನವನ್ನು ಎಂದಿನಂತೆಯೇ ಹಾಕುತ್ತಿರುವಳು. ಹುಡುಗನು ಊಟವಾದೊಡನೆ ಗುಳಿಗೆಯನ್ನು ತಪ್ಪದೆ ನುಂಗುತ್ತಿರುವನು.