ಟ್ಯೂಬಿಂಗೆನ್ನಿನಲ್ಲಿ ಮೂರು ವಾರ

2024ನೆಯ ಇಸವಿಯ ವಿಜಯದಶಮಿಯ ದಿನ, ಜಂಬೂ ಸವಾರಿಯ ಸಂದಣಿಯು ಇನ್ನೂ ಕರಗದಿರುವಾಗಲೇ ನಾವು ದಂಪತಿಗಳು ಮೈಸೂರನ್ನು ಬಿಟ್ಟು ಬೆಂಗಳೂರಿಗೆ ಬಂದು, ಆ ರಾತ್ರಿಯೇ ವಿಮಾನವನ್ನೇರಿ ಜರ್ಮನಿಗೆ ಹೊರಟೆವು. ದೇಶ ನೋಡುವ ಹಂಬಲವು ನಮಗೆ ಎಂದೂ ಅಷ್ಟಾಗಿ ಇದ್ದುದಲ್ಲ. ನಮ್ಮ ಒಬ್ಬಳೇ ಮಗಳು ಅಲ್ಲಿಯ ಟ್ಯೂಬಿಂಗೆನ್ ಎಂಬ ಊರಿಗೆ ಜೀವರಸಾಯನಶಾಸ್ತ್ರವನ್ನು ಓದಲು ಹೋಗಿ ಒಂದು ವರುಷವಾಗಿತ್ತು. ಆ ಒಂದು ವರುಷವೂ ಅವಳನ್ನು ನಾವು ಮೊಬೈಲಿನ ಅಂಗೈಯಗಲದ ಗಾಜಿನಲ್ಲಿ ಮಾತ್ರ ಕಂಡಿದ್ದೆವು. ಊಟವಾಯಿತೆ ಎಂದರೆ ಆಯಿತು, ಚಳಿಯೆ ಎಂದರೆ ಅಭ್ಯಾಸವಾಗಿದೆ, ಹೇಗಿದ್ದೀಯೆ ಎಂದರೆ ಚೆನ್ನಾಗಿದ್ದೇನೆ. ಇಷ್ಟೇ ಉತ್ತರ. ಮನೆಯಲ್ಲಿದ್ದಾಗ ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೂ ಗಳಿಗೆಗಟ್ಟಲೆ ಮಾತನಾಡುತ್ತಿದ್ದ ಹುಡುಗಿಗೆ ಹೇಳಿಕೊಳ್ಳಲು ಯಾವ ದೂರೂ ಇಲ್ಲದಂತಾದುದೇ ನಮ್ಮ ಮನಸ್ಸಿಗೆ ಅಳುಕನ್ನುಂಟುಮಾಡಿತ್ತು. ಓದು ಮುಗಿದ ಮೇಲೆ ಹಿಂದಿರುಗಿ ಬರುವೆಯೋ ಇಲ್ಲವೋ ಎಂಬ ಪ್ರಶ್ನೆಯೊಂದನ್ನೂ ನಾವು ಮನಸ್ಸಿನಲ್ಲಿ ಕಟ್ಟಿಕೊಂಡೇ ಹೊರಟಿದ್ದೆವು.

ಅವಳು ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣಕ್ಕೆ ಬಂದಿದ್ದಳು. ಮೈ ಇಳಿದಿತ್ತು, ನಡಿಗೆಯು ಬಿರುಸಾಗಿತ್ತು. ಪರದೇಶಗಳಿಂದ ಬರುವವರು ಹಾಲಿನಿಂದಾದ ಪದಾರ್ಥಗಳನ್ನು ಆ ದೇಶದೊಳಕ್ಕೆ ತರಕೂಡದೆಂದು ಅವಳು ಮೊದಲೇ ಎಚ್ಚರಿಸಿದ್ದಳು. ಆದುದರಿಂದ ನಮ್ಮ ಮನೆಯವರು ತುಪ್ಪದ ಡಬ್ಬಿಯನ್ನೂ ಮೈಸೂರು ಪಾಕನ್ನೂ ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟು, ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿಗಳನ್ನು ಮಾತ್ರ ತಂದಿದ್ದರು. ಸ್ಟುಟ್‌ಗಾರ್ಟಿನಲ್ಲಿ ರೈಲನ್ನು ಬದಲಾಯಿಸಿ, ಸೇಬಿನ ತೋಟಗಳನ್ನು ದಾಟಿ ಟ್ಯೂಬಿಂಗೆನ್ನನ್ನು ಸೇರುವ ವೇಳೆಗೆ ಮಧ್ಯಾಹ್ನವಾಗಿತ್ತು. ಅಂದು ಭಾನುವಾರ. ಬೀದಿಯಲ್ಲಿ ಒಂದು ಅಂಗಡಿಯ ಬಾಗಿಲೂ ತೆರೆದಿರಲಿಲ್ಲ. ಊರಿಗೆ ಏನಾದರೂ ಆಗಿದೆಯೋ ಎಂದು ನಾವು ಗಾಬರಿಯಾದೆವು. ಭಾನುವಾರವು ವಿಶ್ರಾಂತಿಯ ದಿನವೆಂಬುದು ಅಲ್ಲಿ ರಾಜ್ಯಾಂಗದಲ್ಲಿಯೇ ಇದೆಯಂತೆ. 1919ರಲ್ಲಿ ಬರೆದ ವಿಧಿಯನ್ನು 1949ರ ರಾಜ್ಯಾಂಗದಲ್ಲಿಯೂ ಹಾಗೆಯೇ ಉಳಿಸಿಕೊಂಡಿದ್ದಾರೆ. ಮಗಳು ಶನಿವಾರವೇ ಹಾಲು, ತರಕಾರಿ, ಬೆಣ್ಣೆ ಎಲ್ಲವನ್ನೂ ತಂದಿಟ್ಟು, ಬೆಣ್ಣೆಯನ್ನು ಕಾಯಿಸಿ ತುಪ್ಪವನ್ನೂ ಮಾಡಿಟ್ಟಿದ್ದಳು. ಊರಿನಲ್ಲಿದ್ದಾಗ ಹಾಲು ಉಕ್ಕುವುದನ್ನು ಕಂಡರೂ ಒಲೆಯ ಬಳಿಗೆ ಹೋಗದಿದ್ದವಳು!

ಅವಳ ಬಿಡದಿಯು ಬೆಟ್ಟದ ಓರೆಯಲ್ಲಿದ್ದ ಒಂದು ಮೂರಂತಸ್ತಿನ ಹಳೆಯ ಮನೆಯ ಅಟ್ಟದಲ್ಲಿತ್ತು. ಎರಡು ಕೋಣೆ, ಒಂದು ಅಡಿಗೆಮನೆ. ಜೊತೆಗೆ ಇನ್ನೊಬ್ಬಳು ವಿದ್ಯಾರ್ಥಿನಿ. ನಾವು ಬಂದಾಗ ಆ ಹುಡುಗಿಯು ತನ್ನ ಊರಿಗೆ ಹೋಗಿದ್ದುದರಿಂದ ಅವಳ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದಳು. ಕೆಳಗಿನ ಅಂತಸ್ತಿನಲ್ಲಿ ಮನೆಯ ಒಡತಿ, ಎಪ್ಪತ್ತೆಂಟು ವರುಷದ ಮುದುಕಿ, ಒಬ್ಬರೇ ಇದ್ದರು. ಮೊದಲ ದಿನ ಒಗ್ಗರಣೆಗೆ ಸಾಸಿವೆ ಸಿಡಿದು ಮೆಣಸಿನಕಾಯಿಯ ಘಾಟು ಏಳುತ್ತಲೇ ಚಾವಣಿಯಲ್ಲಿದ್ದ ಒಂದು ಬಿಳಿಯ ಬಿಲ್ಲೆಯು ಕಿವಿ ಹರಿಯುವಂತೆ ಕೂಗತೊಡಗಿತು. ಹೊಗೆಯನ್ನು ಕಂಡರೆ ಕೂಗುವ ಯಂತ್ರವಂತೆ. ಮಗಳು ನಗುತ್ತ ಕುರ್ಚಿಯನ್ನು ಹತ್ತಿ ಅದರ ಬಾಯಿಯನ್ನು ಮುಚ್ಚಿಸಿ, ಕಿಟಕಿಗಳನ್ನೆಲ್ಲ ಒಮ್ಮೆಲೇ ತೆರೆದಳು. ನಡುಗುವ ಚಳಿಯಲ್ಲಿಯೂ ದಿನಕ್ಕೆ ಎರಡು ಮೂರು ಬಾರಿ ಹೀಗೆ ತೆರೆಯತಕ್ಕದ್ದು. ಇಲ್ಲದಿದ್ದರೆ ಗೋಡೆಗೆ ಬೂಷ್ಟು ಹಿಡಿಯುವುದೆಂದು ಬಾಡಿಗೆಯ ಕರಾರಿನಲ್ಲಿಯೇ ಬರೆದಿತ್ತು.

ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಬೇಕೆಂದಿರುವ ವಾಚಕರಿಗೆ ಹಣದ ಮಾತನ್ನು ಒಂದಿಷ್ಟು ಹೇಳಬೇಕು. ಅವಳು 2023ರಲ್ಲಿ ಹೊರಡುವಾಗ ಒಂದು ವರುಷದ ಜೀವನಕ್ಕೆಂದು 11,208 ಯೂರೋಗಳನ್ನು ಅಲ್ಲಿಯ ಬ್ಯಾಂಕಿನಲ್ಲಿ ಕಟ್ಟಬೇಕಾಗಿತ್ತು. ಅದರಲ್ಲಿ ತಿಂಗಳಿಗೆ 934ರಂತೆ ಮಾತ್ರ ಅವಳ ಕೈಗೆ ಬರುತ್ತಿತ್ತು. 2024ರ ಸೆಪ್ಟೆಂಬರಿನಿಂದ ಈ ಮೊತ್ತವು 11,904ಕ್ಕೆ ಏರಿತು. ಆ ಪ್ರಾಂತ್ಯದಲ್ಲಿ ಯೂರೋಪು ಒಕ್ಕೂಟದ ಹೊರಗಿನವರಿಗೆ 2017ರಿಂದ ಅರ್ಧ ವರುಷಕ್ಕೆ 1,500 ಯೂರೋ ಶುಲ್ಕವೂ ಉಂಟು. ಇದಕ್ಕಾಗಿ ನಾವು ನಮ್ಮ ನಿವೇಶನವನ್ನು ಆಧಾರ ಮಾಡಿ ಸಾಲ ತಂದಿದ್ದೆವು. ಅವಳ ಮೇಜಿನ ಮೇಲೆ ಒಂದು ಲೆಕ್ಕದ ಪುಸ್ತಕವಿತ್ತು. ತೆರೆದು ನೋಡಿದೆವು, ತಪ್ಪೆಂದು ತಿಳಿದೇ ನೋಡಿದೆವು. ಆಲೂಗಡ್ಡೆ, ಬಸ್ಸು, ಆಕಾಶವಾಣಿ ಮತ್ತು ದೂರದರ್ಶನದ ಚಂದಾ 18.36ರಲ್ಲಿ ತನ್ನ ಅರ್ಧ ಪಾಲು (ಮನೆಯಲ್ಲಿ ರೇಡಿಯೋ ಇಲ್ಲದಿದ್ದರೂ ಪ್ರತಿಯೊಂದು ಮನೆಯವರೂ ಇದನ್ನು ಕೊಡಲೇಬೇಕಂತೆ!) ಎಂದು ಖರ್ಚು ಬರೆದ ಕಡೆಯಲ್ಲಿ, ಜಮೆಯ ಅಂಕಣದೊಳಗೆ ಅಲ್ಲಲ್ಲಿ 'ಬಾಟ್ಲಿ 0.75', 'ಬಾಟ್ಲಿ 1.25' ಎಂದಿತ್ತು. ಅಲ್ಲಿ ನೀರಿನ ಬಾಟ್ಲಿಯನ್ನು ಕೊಂಡರೆ 25 ಸೆಂಟು ಅಡವಾಗಿ ಹಿಡಿಯುತ್ತಾರೆ. ಖಾಲಿ ಬಾಟ್ಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಹಣವು ಹಿಂದಕ್ಕೆ ಬರುತ್ತದೆ. ಆ ಅಂಕಣವನ್ನು ಓದಿದ ಮೇಲೆ ನಮ್ಮ ಮನೆಯವರು ಆ ದಿನ ಹೆಚ್ಚು ಮಾತನಾಡಲಿಲ್ಲ.

ಊರು ಬಹಳ ಚೆಲುವಾದುದು. ನೆಕ್ಕರ್ ನದಿಯ ದಡದಲ್ಲಿ ಹೆಂಚಿನ ಮನೆಗಳು ಒಂದರ ಹೆಗಲಿಗೆ ಒಂದು ಒರಗಿಕೊಂಡು ನಿಂತಿವೆ. ಹ್ಯೋಲ್ಡರ್‌ಲೀನ್ ಎಂಬ ಮಹಾಕವಿಯು ಬುದ್ಧಿ ಕಲಕಿದ ಮೇಲೆ 1807ರಿಂದ 1843ರ ವರೆಗೆ, ಎಂದರೆ ಸಾಯುವ ತನಕ, ಒಬ್ಬ ಬಡಗಿಯ ಮನೆಯವರ ಆರೈಕೆಯಲ್ಲಿದ್ದ ಹಳದಿಯ ಗೋಪುರವೂ ನೀರಿನ ಅಂಚಿನಲ್ಲಿಯೇ ಇದೆ. ಸುಮಾರು ತೊಂಬತ್ತು ಸಾವಿರ ಜನರ ಊರಿನಲ್ಲಿ ಮೂರರಲ್ಲೊಂದು ಪಾಲಿನಷ್ಟು ವಿದ್ಯಾರ್ಥಿಗಳೇ. ಹೋಟೆಲಿನಿಂದ ಊಟವನ್ನು ಬಿಸಾಡುವ ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡರೆ 2022ರಿಂದ ಐವತ್ತು ಸೆಂಟು ತೆರಿಗೆ. ನಮ್ಮ ಮಗಳು ಸ್ಟೀಲಿನ ಡಬ್ಬಿಯನ್ನು ಹಿಡಿದು ಹೋಗುವುದನ್ನು ಕಂಡು ನಮಗೆ ನಮ್ಮ ಕಚೇರಿಯ ದಿನಗಳು ನೆನಪಾದುವು. ಬೆಟ್ಟದ ಮೇಲಿನ ಕೋಟೆಗೂ ಅವಳು ನಮ್ಮನ್ನು ಕರೆದುಕೊಂಡು ಹೋದಳು. ಕೋಟೆಯ ಹಳೆಯ ಅಡಿಗೆಮನೆಯೊಂದನ್ನು ಪ್ರಯೋಗಶಾಲೆಯಾಗಿ ಮಾಡಿಕೊಂಡಿದ್ದರಂತೆ; ಅಲ್ಲಿ 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ತರುಣನು ಗಾಯದ ಬಟ್ಟೆಗೆ ಅಂಟಿದ ಕೀವಿನಿಂದ, ಇಂದು ಎಲ್ಲರ ಬಾಯಲ್ಲಿರುವ ಡಿಎನ್ಎ ಎಂಬ ವಸ್ತುವನ್ನು ಮೊಟ್ಟಮೊದಲು ಬೇರ್ಪಡಿಸಿದನು. ಇಷ್ಟು ದೊಡ್ಡ ಕೆಲಸವೂ ಅಡಿಗೆಮನೆಯಲ್ಲಿಯೇ ಆಗಬೇಕಾಯಿತಲ್ಲ ಎಂದು ನಮ್ಮ ಮನೆಯವರು ಸಂತೋಷಪಟ್ಟರು.

ಎರಡನೆಯ ವಾರದಲ್ಲಿ ಒಂದು ದಿನ ಅಟ್ಟದ ಬಾಗಿಲಿನ ಹಿಡಿಗೆ ಒಂದು ಸಣ್ಣ ಮರದ ಹಲಗೆಯು ತೂಗುತ್ತಿತ್ತು. 'ಕೇರ್‌ವೊಖೆ' ಎಂದು ಬರೆದಿತ್ತು. ಎಂದರೆ ಗುಡಿಸುವ ವಾರ. ಸ್ವಾಬಿಯಾ ಎಂದು ಕರೆಯುವ ಆ ಸೀಮೆಯ ಪದ್ಧತಿಯಿದು. ಮನೆಯಲ್ಲಿರುವ ಒಕ್ಕಲುಗಳು ಸರದಿಯ ಮೇಲೆ ಒಂದೊಂದು ವಾರ ಮೆಟ್ಟಲು, ಅಂಗಳ, ಎದುರಿನ ಕಾಲುದಾರಿ ಇವನ್ನು ಗುಡಿಸಬೇಕು. ಎಲೆ ಉದುರಿದರೆ ಎಲೆಯನ್ನು, ಹಿಮ ಬಿದ್ದರೆ ಹಿಮವನ್ನು. ಟ್ಯೂಬಿಂಗೆನ್ನಿನ ವಿಶ್ವವಿದ್ಯಾನಿಲಯವನ್ನು 1477ರಲ್ಲಿ ಸ್ಥಾಪಿಸಿದವನು ಗಡ್ಡದ ಎಬರ್‌ಹಾರ್ಟ್ ಎಂಬ ದೊರೆ. ಅವನ ಕಾಲದಲ್ಲಿಯೇ, 1492ರಲ್ಲಿ, ಸ್ಟುಟ್‌ಗಾರ್ಟಿನ ಪುರಜನರು ವಾರಕ್ಕೊಮ್ಮೆ ತಮ್ಮ ತಮ್ಮ ಗೊಬ್ಬರವನ್ನು ಊರಾಚೆಗೆ ಸಾಗಿಸತಕ್ಕದ್ದೆಂಬ ಕಟ್ಟಳೆ ಹುಟ್ಟಿತಂತೆ. ಈ ಪದ್ಧತಿಯ ಬೇರು ಅದೇ ಎನ್ನುತ್ತಾರೆ. ವಿದ್ಯೆ, ಪೊರಕೆ ಎರಡನ್ನೂ ಕೊಟ್ಟ ದೊರೆ!

ಮಗಳು ಪೊರಕೆಯನ್ನು ಹಿಡಿದು ಕೆಳಗಿಳಿದಳು. ನಾವೂ ಹಿಂದೆ ಹೋದೆವು. ಮುದುಕಿಯು ಬಾಗಿಲಿಗೆ ಬಂದು 'ಗ್ರ್ಯೂಸ್ ಗೊಟ್' ಎಂದು ವಂದಿಸಿ, ನಮ್ಮನ್ನು ನೋಡಿ ಏನೇನೋ ಹೇಳತೊಡಗಿದರು. ಮಗಳು ಒಂದೊಂದು ಮಾತನ್ನೂ ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಪ್ರಯಾಣ ಸುಖವಾಯಿತೆ ಎಂದು ಕೇಳುತ್ತಾರೆ. ನಿಮ್ಮ ಅಡಿಗೆಯ ವಾಸನೆ ಕೆಳಗಿನ ತನಕ ಬರುತ್ತದಂತೆ, ಬೇಡವೆನ್ನುವುದಿಲ್ಲವಂತೆ. ಅನಂತರ ಮುದುಕಿಯು ಸ್ವಲ್ಪ ಉದ್ದವಾಗಿ ಏನನ್ನೋ ಹೇಳಿದರು. ಮಗಳು ಸುಮ್ಮನಾದಳು.

"ಏನಂತೆ?" ಎಂದು ನಮ್ಮ ಮನೆಯವರು ಕೇಳಿದರು.

"ಏನಿಲ್ಲಮ್ಮ. ಹವೆಯ ವಿಚಾರ."

ಮುದುಕಿಯು ನಮ್ಮ ಮುಖವನ್ನೂ ಅವಳ ಮುಖವನ್ನೂ ನೋಡಿದರು. ತರ್ಜುಮೆಯಾಗಲಿಲ್ಲವೆಂದು ತಿಳಿಯಿತೇನೋ. ಮಗಳ ಕೈಯಿಂದ ಪೊರಕೆಯನ್ನು ತೆಗೆದುಕೊಂಡು ನೆಲದ ಮೇಲೆ ಹಿಮವನ್ನು ತಳ್ಳುವಂತೆ ತೋರಿಸಿದರು. ಮೇಲಕ್ಕೆ ಬೆರಳು ಮಾಡಿ, ಕೈಯನ್ನು ಹಣೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ನಾಲ್ಕು ಬೆರಳುಗಳನ್ನು ಎತ್ತಿದರು. ತಾಯಿಗೆ ಇಷ್ಟು ಸಾಲದೆ? "ನಾಲ್ಕು ದಿನ ಜ್ವರವೆ? ಎಂದು?" ಎಂದರು ನಮ್ಮ ಮನೆಯವರು.

ಆ ರಾತ್ರಿ ಎಲ್ಲವೂ ಹೊರಬಿದ್ದಿತು. ಹೋದ ಮೊದಲನೆಯ ವರುಷದ ಡಿಸೆಂಬರಿನಲ್ಲಿ, ಸಂಜೆ ನಾಲ್ಕೂವರೆಗೇ ಕತ್ತಲಾಗುವ ಕಾಲ. ಮೊದಲ ಪರೀಕ್ಷೆಯೊಂದು ಕೈಬಿಟ್ಟಿತ್ತು. ಜ್ವರ ಬಂದು ಮಲಗಿದ್ದಳು. ಜೊತೆಯ ಹುಡುಗಿ ಊರಿನಲ್ಲಿರಲಿಲ್ಲ. ಆ ವಾರವೇ ಗುಡಿಸುವ ಸರದಿ. ರಾತ್ರಿ ಹಿಮ ಬಿದ್ದಿತು. ಬೆಳಗ್ಗೆ ಬಾಗಿಲಿನ ಕೆಳಗೆ ಒಂದು ಚೀಟಿ ಬಂದಿತ್ತು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಅರ್ಥವಾದ ಅರ್ಧವೇ ಅಳುವುದಕ್ಕೆ ಸಾಕಾಗಿತ್ತು. ಮನೆ ಬಿಡಿಸುವರೆಂದೇ ಅವಳು ತಿಳಿದಳು. ಮಧ್ಯಾಹ್ನ ಮುದುಕಿಯು ಬೈಯಲೆಂದೇ ಮೂರು ಅಂತಸ್ತು ಹತ್ತಿ ಬಂದು, ಅವಳನ್ನು ನೋಡಿ, ಒಂದು ಮಾತೂ ಆಡದೆ ಇಳಿದುಹೋದರು. ಒಂದು ಗಂಟೆಯ ಮೇಲೆ ಒಂದು ಪಾತ್ರೆಯನ್ನು ಹಿಡಿದು ಮತ್ತೆ ಹತ್ತಿ ಬಂದರು. ಬೇಯಿಸಿದ ಕಂದು ಬಣ್ಣದ ಕಾಳು, ಅದಕ್ಕೆ ಹುಳಿಗೆಂದು ಸ್ವಲ್ಪ ವಿನಿಗರ್. ಆ ಸೀಮೆಯವರು ಇದನ್ನು ಶಾವಿಗೆಯಂತಹ ಹಿಟ್ಟಿನ ಎಳೆಗಳೊಂದಿಗೆ, ಮಾಂಸದ ಸುರುಳಿಯನ್ನೂ ಸೇರಿಸಿ ಉಣ್ಣುತ್ತಾರೆ. ಇವಳಿಗೆಂದು ಮಾಂಸವನ್ನು ಬಿಟ್ಟಿದ್ದರು. "ಬಾಯಿಗಿಟ್ಟರೆ ನಮ್ಮ ಹುಳಿಯ ಹಾಗೇ ಇತ್ತಮ್ಮ," ಎಂದು ಹೇಳುವಾಗ ಮಗಳ ಗಂಟಲು ಕಟ್ಟಿತು. ಹಿಮವನ್ನು ಆ ನಾಲ್ಕು ದಿನವೂ ಮುದುಕಿಯೇ ತಳ್ಳಿದರಂತೆ. ನಮ್ಮೊಡನೆ ಮಾತನಾಡುವಾಗ ಇವಳು ಮುಖವನ್ನು ತೋರಿಸದೆ, ಸಂಪರ್ಕ ಸರಿಯಿಲ್ಲವೆಂದಿದ್ದಳು.

"ಏಕೆ ಹೇಳಲಿಲ್ಲ, ಮಗು?"

"ಹೇಳಿದ್ದರೆ ಅಪ್ಪ ಮರುದಿನವೇ ಟಿಕೆಟು ಕೊಳ್ಳುತ್ತಿದ್ದರು. ಎಲ್ಲಿಂದ ದುಡ್ಡು?"

ನಾವು ಅವಳನ್ನು ಆಕ್ಷೇಪಿಸಲು ಬಾಯಿ ತೆರೆದೆವು, ಮಾತು ಬರಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ನಮ್ಮ ಮನೆಯವರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದಾಗ ನಾವು ಅವಳಿಗೆ, ಅಮ್ಮ ತುಮಕೂರಿಗೆ ಮದುವೆಗೆ ಹೋಗಿದ್ದಾಳೆಂದು ಹೇಳಿದ್ದೆವು. ಯಾರ ಮದುವೆಯೆಂದು ಅವಳು ಕೇಳಿದಾಗ ಹುಡುಗಿಯ ಹೆಸರನ್ನೂ ಕಟ್ಟಿ ಹೇಳಿದ್ದೆವು. ಅದನ್ನು ಆ ರಾತ್ರಿಯೇ ಒಪ್ಪಿಕೊಂಡೆವು. ಅವಳು ಕೋಪಿಸಿಕೊಂಡು ಎದ್ದುಹೋಗಿ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಸದ್ದು ಮಾಡಿ ತೊಳೆದಳು. ಮೈಸೂರಿನ ಹುಡುಗಿಯು ಮೊದಲ ಬಾರಿಗೆ ನಮ್ಮ ಕಣ್ಣಿಗೆ ಬಿದ್ದಳು. ಹತ್ತು ಗಂಟೆಯ ಮೇಲೆ ಸದ್ದು ಮಾಡಕೂಡದೆಂಬ ನಿಯಮವೂ ಅವಳಿಗೆ ಮರೆತಿತ್ತು.

ನಮ್ಮ ನಾಡಿಗೂ ಈ ಊರಿಗೂ ಒಂದು ಹಳೆಯ ನಂಟು ಉಂಟೆಂಬುದನ್ನು ಹೇಳದೆ ಬಿಡಲಾಗದು. ಕನ್ನಡ ನಿಘಂಟಿನ ಕಿಟ್ಟೆಲರು 1853ರಲ್ಲಿ, ಇನ್ನೂ ಇಪ್ಪತ್ತೊಂದರ ಹರೆಯದಲ್ಲಿ, ನಮ್ಮ ದೇಶಕ್ಕೆ ಬಂದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿಗೆ ಮೆಚ್ಚಿ 1896ರಲ್ಲಿ ಡಾಕ್ಟರು ಪದವಿಯನ್ನಿತ್ತುದು ಇದೇ ವಿಶ್ವವಿದ್ಯಾನಿಲಯ. 1903ರಲ್ಲಿ ಅವರು ತೀರಿಕೊಂಡುದೂ ಇದೇ ಊರಿನಲ್ಲಿ. ಅವರ ನಿಘಂಟಿನಲ್ಲಿ ಕಾವ್ಯದ ಪದಗಳೊಡನೆ ನಮ್ಮ ಮನೆಯೊಳಗಿನ ಮಾತುಗಳೂ ಗಾದೆಗಳೂ ತುಂಬಿವೆ. ಆ ಜರ್ಮನ್ ತರುಣನಿಗೂ ಮೊದಮೊದಲು ಯಾವುದೋ ಧಾರವಾಡದ ಮುದುಕಿಯ ಮಾತು ಅರ್ಧವೇ ಅರ್ಥವಾಗಿದ್ದೀತು ಎಂದು ನೆಕ್ಕರ್ ಸೇತುವೆಯ ಮೇಲೆ ನಿಂತು ನಾವು ಊಹಿಸಿಕೊಂಡೆವು.

ಅಕ್ಟೋಬರು 27ರ ಭಾನುವಾರ ಆ ದೇಶದವರು ಗಡಿಯಾರವನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಊರಿಗೂ ಅವಳಿಗೂ ಇದ್ದ ಮೂರೂವರೆ ಗಂಟೆಯ ಅಂತರವು ನಾಲ್ಕೂವರೆಯಾಯಿತು. ನಾಲ್ಕು ದಿನದ ಮೇಲೆ ನರಕ ಚತುರ್ದಶಿ. ನಮ್ಮ ಮನೆಯವರು ನಸುಕಿನಲ್ಲಿಯೇ ಅವಳನ್ನು ಎಬ್ಬಿಸಿ ತಲೆಗೆ ಎಣ್ಣೆಯೊತ್ತಿದರು. ಅಂದು ತೊಗರಿಬೇಳೆಯ ಹುಳಿಯನ್ನು ಮಾಡಿ ಒಂದು ಪಾತ್ರೆಯನ್ನು ಕೆಳಗೆ ಕೊಟ್ಟೆವು. ಮುದುಕಿಯು ಒಂದು ಚಮಚ ಬಾಯಿಗಿಟ್ಟು, ಕೆಮ್ಮಿ, ಕಣ್ಣೊರಸಿಕೊಂಡು, ಮತ್ತೊಂದು ಚಮಚ ತೆಗೆದುಕೊಂಡರು.

ಹೊರಡುವ ಹಿಂದಿನ ಶನಿವಾರ ಸಂಜೆ ಮೂವರೂ ಕೂಡಿ ಅಂಗಳದ ಎಲೆಗಳನ್ನು ಗುಡಿಸಿದೆವು. ಕಟ್ಟಿಕೊಂಡು ಹೋಗಿದ್ದ ಪ್ರಶ್ನೆಯನ್ನು ಆಗ ಕೇಳಿಬಿಟ್ಟೆವು. ಅವಳು ಗುಡಿಸುವುದನ್ನು ನಿಲ್ಲಿಸಲಿಲ್ಲ. "ನನಗೇ ಗೊತ್ತಿಲ್ಲಪ್ಪ. ಓದು ಮುಗಿದ ಮೇಲೆ ಕೆಲಸ ಹುಡುಕುವುದಕ್ಕೆ ಒಂದೂವರೆ ವರುಷ ಇರಗೊಡುತ್ತಾರೆ. ಸಾಲ ತೀರುವ ತನಕವಾದರೂ ಇರಬೇಕು ಅನ್ನಿಸುತ್ತದೆ. ಒಂದೊಂದು ದಿನ ನಾಳೆಯೇ ಬಂದುಬಿಡೋಣ ಅಂತಲೂ ಅನ್ನಿಸುತ್ತದೆ." ನಾವು ಮತ್ತೆ ಕೇಳಲಿಲ್ಲ. ಎಲೆಗಳನ್ನು ಗೋಣಿಗೆ ತುಂಬಿದ ಮೇಲೆ ಅವಳು ಹಲಗೆಯನ್ನು ತೆಗೆದುಕೊಂಡು ಹೋಗಿ ನಡುವಂತಸ್ತಿನವರ ಬಾಗಿಲಿಗೆ ತೂಗುಹಾಕಿ ಬಂದಳು.

ಮುದುಕಿಯು ನಮಗೆ ತಮ್ಮ ಸೀಮೆಯ ಆ ಕಾಳನ್ನು ಒಂದು ಪೊಟ್ಟಣ ಕಟ್ಟಿಕೊಟ್ಟು, ಅದನ್ನು ಮಾಡುವ ಬಗೆಯನ್ನೂ ಬಹಳ ಹೊತ್ತು ವಿವರಿಸಿದರು. ಮೈಸೂರಿಗೆ ಬಂದ ವಾರವೇ ಬೇಯಿಸಿದೆವು. ಕುಕ್ಕರನ್ನು ಆರು ಸಲ ಕೂಗಿಸಿದರೂ ಕಾಳು ಮೆತ್ತಗಾಗಲಿಲ್ಲ. ಮಗಳಿಗೆ ಹೇಳಿದುದಕ್ಕೆ, "ರಾತ್ರಿಯೇ ನೆನೆಹಾಕಬೇಕಿತ್ತಮ್ಮ, ಅಜ್ಜಿ ಅಷ್ಟು ಹೇಳಿದರಲ್ಲ!" ಎಂದಳು. ಹೇಳಿದ್ದಿರಬೇಕು. ಅದನ್ನೊಂದನ್ನು ನಮಗೆ ತರ್ಜುಮೆ ಮಾಡಲು ಅವಳು ಮರೆತಿದ್ದಳು.